ಬರಿಹೊಟ್ಟೆಯೂ ಹಸಿದ ಹೊಟ್ಟೆಯೂ

(ಕುಮಟೆಯಲ್ಲಿ ಶಿಕ್ಷಕರ ಹಾಗೂ ನಾಗರಿಕರ ಸಭೆಯ ಮುಂದೆ ಮಾಡಿದ ಭಾಷಣ)



ವ್ಯಾಯಾಮವು ಒಳ್ಳೆಯದೆಂದು ಹೇಳುವದಕ್ಕಾಗಿ ತಮ್ಮಂಥ ತಿಳಿದವರನ್ನು ಇಲ್ಲಿಗೆ ಕರೆಯಿಸಬೇಕಾದ ಕಾರಣವಿರಲಿಲ್ಲ. ಆ ಮಾತನ್ನು ಒಪ್ಪದವರು ಭಟಕಳ, ಹೊನ್ನಾವರ, ಕುಮಟೆ ಈ ಮೂರು ತಾಲೂಕುಗಳಲ್ಲಿ ಯಾರೂ ಇರಲಾರರು. ಒಪ್ಪುವವರು ಬಹಳ, ಮಾಡುವವರು ಕಡಿಮೆ, ಅಷ್ಟೇ. ಆದರೆ ಮಾಡಹೊರಟವನಿಗೆ ಮೊದಲನೆಯ ದಿನವೇ ಎದುರು ನಿಲ್ಲುವ ಒಂದು ಸಣ್ಣ ಪ್ರಶ್ನೆಯುಂಟು. ಬೆಳಗಿನಲ್ಲಿ ಎದ್ದು ಅಂಗಸಾಧನೆಗೆ ತೊಡಗುವಾಗ ಹೊಟ್ಟೆಯು ಬರಿದಾಗಿರಬೇಕೋ, ಅಥವಾ ಏನನ್ನಾದರೂ ತಿಂದು ತೊಡಗಬೇಕೋ? ಈ ಪ್ರಶ್ನೆಯನ್ನು ಶಿಕ್ಷಕರು ಕೇಳುತ್ತಾರೆ, ತರುಣರು ಕೇಳುತ್ತಾರೆ, ಸಕ್ಕರೆಯ ರೋಗವುಳ್ಳ ವ್ಯಾಪಾರಸ್ಥರೂ ಕೇಳುತ್ತಾರೆ. ಕೇಳಿದವರಿಗೆಲ್ಲ ಒಬ್ಬೊಬ್ಬರು ಒಂದೊಂದು ಉತ್ತರವನ್ನು ಕೊಡುತ್ತಾರೆ. ಪ್ರಶ್ನೆಯು ನೋಡಲಿಕ್ಕೆ ಸಣ್ಣದು. ಆದರೆ ಇದರ ಬೆನ್ನು ಹತ್ತಿ ನಡೆದರೆ ನಾವು ನಮ್ಮ ಶಾಲೆಯ ಮಕ್ಕಳ ತಟ್ಟೆಯವರೆಗೆ, ನಾಡಿನ ಬಡತನದವರೆಗೆ ಹೋಗಿ ಮುಟ್ಟುತ್ತೇವೆ. ಆದುದರಿಂದಲೇ ಇದನ್ನು ಈ ಹೊತ್ತಿನ ವಿಷಯವನ್ನಾಗಿ ಆರಿಸಿಕೊಂಡಿದ್ದೇನೆ.

ನಾನು ವೈದ್ಯನಲ್ಲ, ವಕೀಲ. ಇಬ್ಬರು ಎರಡು ಬಗೆಯ ಮಾತನ್ನಾಡಿದಾಗ, ಇಬ್ಬರಲ್ಲಿ ಒಬ್ಬನು ಸುಳ್ಳನೆಂದು ತೀರ್ಮಾನಿಸುವ ಮೊದಲು, ಇಬ್ಬರೂ ಒಂದೇ ಸಂಗತಿಯನ್ನು ಕುರಿತು ಮಾತನಾಡುತ್ತಿರುವರೋ ಎಂಬದನ್ನು ನೋಡುವದು ನಮ್ಮ ವೃತ್ತಿಯ ಅಭ್ಯಾಸ. ಈ ವ್ಯಾಜ್ಯದಲ್ಲಿಯೂ ಅದನ್ನೇ ಮಾಡೋಣ.

ಮೊದಲು ವಾದಿಯ ಪಕ್ಷ. ಗರಡಿಯ ಹಿರಿಯರು, ಯೋಗಾಸನ ಕಲಿಸುವವರು, ಸೂರ್ಯನಮಸ್ಕಾರದ ಅಭಿಮಾನಿಗಳು ಇವರೆಲ್ಲರೂ ಬರಿಹೊಟ್ಟೆಯ ಕಡೆಯವರು. ನಸುಕಿನಲ್ಲೆದ್ದು, ಶೌಚ-ಮುಖಮಾರ್ಜನಗಳನ್ನು ತೀರಿಸಿ, ಬಾಯಿಗೆ ಅನ್ನವನ್ನು ಮುಟ್ಟಿಸದೆ ದಂಡ ಹೊಡೆಯಬೇಕು, ಬಸ್ಕಿ ತೆಗೆಯಬೇಕು ಎಂಬದು ಅವರ ವಿಧಿ. ಸಾತಾರೆಯ ಸಮೀಪದ ಔಂಧ ಸಂಸ್ಥಾನದ ಅಧಿಪತಿ ಭವಾನರಾವ ಪಂತ ಪ್ರತಿನಿಧಿಯವರು ಸೂರ್ಯನಮಸ್ಕಾರವನ್ನು ತಮ್ಮ ರಾಜ್ಯದ ಶಾಲೆಗಳಲ್ಲಿ ಬಳಕೆಗೆ ತಂದು, 1928ರಲ್ಲಿ ಅದನ್ನು ಕುರಿತು ಗ್ರಂಥವನ್ನೂ ಪ್ರಕಟಿಸಿದರು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ 1933ರಲ್ಲಿ ಯೋಗಶಾಲೆಯನ್ನು ತೆರೆದ ತಿರುಮಲೈ ಕೃಷ್ಣಮಾಚಾರ್ಯರು ತಮ್ಮ 'ಯೋಗಮಕರಂದ'ವನ್ನು ಮೊದಲು ಬರೆದುದು ಕನ್ನಡದಲ್ಲಿಯೇ. ಅದು 1934ರಲ್ಲಿ ಹೊರಬಂದಿತು. ಈ ಪರಂಪರೆಯಲ್ಲಿ ಕಲಿತವರನ್ನು ಯಾರನ್ನು ಕೇಳಿದರೂ ಆಸನಕ್ಕೆ ಹೊಟ್ಟೆಯು ಬರಿದಾಗಿರಬೇಕೆಂದೇ ಹೇಳುವರು.

ಅವರ ಮಾತಿಗೆ ಆಧಾರವುಂಟು. ಉಂಡ ಕೂಡಲೆ ಅನ್ನವನ್ನು ಅರಗಿಸುವದಕ್ಕಾಗಿ ಜಠರ ಮತ್ತು ಕರುಳುಗಳ ಕಡೆಗೆ ರಕ್ತವು ಹೆಚ್ಚಾಗಿ ಹರಿಯುವದು. ಅದೇ ಹೊತ್ತಿಗೆ ನಾವು ಓಡತೊಡಗಿದರೆ, ಭಾರವನ್ನೆತ್ತತೊಡಗಿದರೆ, ತೊಡೆ-ತೋಳುಗಳ ಮಾಂಸಖಂಡಗಳೂ ರಕ್ತವನ್ನು ಬೇಡುವವು. ಒಬ್ಬ ಆಳನ್ನು ಇಬ್ಬರು ಒಡೆಯರು ಏಕಕಾಲಕ್ಕೆ ಕರೆದಂತಾಗುವದು. ಅನ್ನವು ಅರಗದೆ ಹೊಟ್ಟೆಯಲ್ಲಿ ನಿಲ್ಲುವದು, ಪಕ್ಕೆಯಲ್ಲಿ ಚುಚ್ಚುವದು, ಮುಂದಕ್ಕೆ ಬಾಗಿದರೆ ಹುಳಿತೇಗು ಗಂಟಲಿಗೆ ಬರುವದು. ಇದನ್ನು ಯಾರೂ ಅಲ್ಲಗಳೆಯಲಾರರು.

ಇನ್ನು ಪ್ರತಿವಾದಿಯ ಪಕ್ಷ. ಇದರ ಮೊದಲನೆಯ ಸಾಕ್ಷಿ ನಮ್ಮ ಮನೆಯ ತಾಯಂದಿರು. ಮಗನು ನಸುಕಿನಲ್ಲಿ ಹೊರಬಿದ್ದರೆ, "ಎಂತದಾದ್ರೂ ಬಾಯಿಗೆ ಹಾಕ್ಕಂಡು ಹೋಗೋ" ಎಂದು ಅವರು ಕೂಗಿ ಹೇಳುವದು ಬರಿಯ ಮಮತೆಯ ಮಾತಲ್ಲ. ಎರಡನೆಯ ಸಾಕ್ಷಿ ವೈದ್ಯರು. ಸಕ್ಕರೆಯ ರೋಗಕ್ಕೆ ಮದ್ದು ತೆಗೆದುಕೊಳ್ಳುವವನು ಬರಿಹೊಟ್ಟೆಯಲ್ಲಿ ದೂರ ನಡೆದು ದಾರಿಯಲ್ಲಿ ಬಿದ್ದುದನ್ನು ಅವರು ಕಂಡವರು. ಮೂರನೆಯ ಸಾಕ್ಷಿ ತಾವು, ಶಿಕ್ಷಕರು. ಆಗಸ್ಟ 15ರ ಮತ್ತು ಜನೆವರಿ 26ರ ಬೆಳಗಿನಲ್ಲಿ ಪ್ರಭಾತಫೇರಿ ಮುಗಿಸಿ, ಧ್ವಜವಂದನೆಗೆ ಸಾಲಾಗಿ ನಿಂತು, ಭಾಷಣಗಳು ಮುಗಿಯುವದನ್ನು ಕಾಯುವ ಹುಡುಗ-ಹುಡುಗಿಯರಲ್ಲಿ ಒಬ್ಬಿಬ್ಬರು ಕಣ್ಣು ಕತ್ತಲೆಗಟ್ಟಿ ಕುಸಿಯುವದನ್ನು ತಾವು ನೋಡದೆ ಇಲ್ಲ. ಎತ್ತಿ ನೆರಳಿಗೆ ತಂದು, ಮುಖಕ್ಕೆ ನೀರು ಚಿಮುಕಿಸಿ, "ಬೆಳಿಗ್ಗೆ ಏನು ತಿಂದಿದ್ದೆ?" ಎಂದು ಕೇಳಿದರೆ ಬರುವ ಉತ್ತರವೂ ತಮಗೆ ಗೊತ್ತು.

ಈಗ ನಮ್ಮ ಹಳೆಯ ಗ್ರಂಥಗಳನ್ನು ಕರೆಯೋಣ. ಬರಿಹೊಟ್ಟೆಯ ಪಕ್ಷದವರು ಆಗಾಗ ಆಯುರ್ವೇದದ ಹೆಸರನ್ನು ಹೇಳುತ್ತಾರಷ್ಟೆ. ಸುಶ್ರುತಸಂಹಿತೆಯು ವ್ಯಾಯಾಮವನ್ನು ಮಾಡಬಾರದವರ ಯಾದಿಯಲ್ಲಿ ಉಂಡವನನ್ನು ಸೇರಿಸಿರುವದು ನಿಜ. ಆದರೆ ಚರಕಸಂಹಿತೆಯ ಪ್ರಚಲಿತ ಪಾಠದಲ್ಲಿ ಅಂಥದೇ ಯಾದಿಯುಂಟು. ಅದರಲ್ಲಿ ಬಾಲಕರು, ಮುದುಕರು, ದಾರಿ ನಡೆದು ಬಳಲಿದವರು, ಭಾರ ಹೊತ್ತು ಸೊರಗಿದವರು, ಇವರೊಡನೆ ಹಸಿದವರನ್ನೂ ಬಾಯಾರಿದವರನ್ನೂ ಹೆಸರಿಸಲಾಗಿದೆ. ಒಂದು ಗ್ರಂಥವು ಉಂಡವನನ್ನು ತಡೆಯಿತು, ಇನ್ನೊಂದು ಹಸಿದವನನ್ನು ತಡೆಯಿತು. ಇವೆರಡೂ ಪರಸ್ಪರ ವಿರುದ್ಧವೇ? ಅಲ್ಲವೇ ಅಲ್ಲ. ನಿನ್ನೆಯ ಅನ್ನವು ಅರಗಿ, ಇಂದಿನ ಹಸಿವು ಇನ್ನೂ ಕೆರಳದೆ ಇರುವ ನಡುವಿನ ವೇಳೆಯೊಂದುಂಟು. ವ್ಯಾಯಾಮಕ್ಕೆ ತಕ್ಕ ಹೊತ್ತು ಅದೇ. ಬರಿಹೊಟ್ಟೆಯು ಬೇರೆ, ಹಸಿದ ಹೊಟ್ಟೆಯು ಬೇರೆ. ಈ ಎರಡನ್ನು ಒಂದೇ ಎಂದು ತಿಳಿದುದರಿಂದಲೇ ವ್ಯಾಜ್ಯವು ಬೆಳೆದಿರುವದು.

ವಾಗ್ಭಟನ ಅಷ್ಟಾಂಗಹೃದಯವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುವದು. ವ್ಯಾಯಾಮವನ್ನು ಮಾಡತಕ್ಕವರು ಬಲವುಳ್ಳವರು, ತುಪ್ಪ-ಎಣ್ಣೆಗಳಿಂದ ಕೂಡಿದ ಜಿಡ್ಡಿನ ಆಹಾರವನ್ನು ಉಣ್ಣುವವರು. ಅಂಥವರು ಕೂಡ ತಮ್ಮ ಶಕ್ತಿಯ ಅರ್ಧದಷ್ಟನ್ನು ಮಾತ್ರ ಬಳಸಬೇಕು. ಅದೂ ಚಳಿಗಾಲದಲ್ಲಿ ಮತ್ತು ವಸಂತದಲ್ಲಿ. ಉಳಿದ ಋತುಗಳಲ್ಲಿ ಅದಕ್ಕೂ ಕಡಿಮೆ ಎಂದು ಅದು ವಿಧಿಸಿದೆ. ಅರ್ಧಶಕ್ತಿಯನ್ನು ಅಳೆಯುವದು ಹೇಗೆ? ಉಸಿರು ಮೂಗನ್ನು ಬಿಟ್ಟು ಬಾಯಿಯಿಂದ ಬರತೊಡಗಿತೆಂದರೆ ಅರ್ಧಶಕ್ತಿ ಮುಗಿಯಿತೆಂದು ಸುಶ್ರುತನ ಮತ. ಇಷ್ಟು ಸುಲಭವಾದ ಅಳತೆಗೋಲು ಈ ಕಾಲದ ಬೆಲೆಯುಳ್ಳ ಯಂತ್ರಗಳಲ್ಲಿಯೂ ಇಲ್ಲ. ವಾಗ್ಭಟನ ಮಾತಿನ ಒಳಗನ್ನು ನೋಡಿರಿ: ಬೆಳಗಿನಲ್ಲಿ ಬರಿಹೊಟ್ಟೆಯಲ್ಲಿ ದಂಡ ಹೊಡೆಯುವವನು ಹಿಂದಿನ ರಾತ್ರಿ ಪುಷ್ಟಿಯಾಗಿ ಉಂಡವನು ಎಂದು ಗ್ರಂಥಕಾರನು ಮೊದಲೇ ಗ್ರಹಿಸಿಕೊಂಡಿದ್ದಾನೆ.

ನಮ್ಮ ಕನ್ನಡ ಅರಸನ ಸಾಕ್ಷಿಯೂ ಇದಕ್ಕುಂಟು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮಲ್ಲವಿದ್ಯೆಯನ್ನು ಕುರಿತು ಒಂದು ಭಾಗವೇ ಇದೆ. ಮಲ್ಲರು ಮಾಡಬೇಕಾದ ಸಾಧನೆಯನ್ನು ಹೇಳುವಾಗ ಅವರಿಗೆ ಕೊಡಬೇಕಾದ ಪುಷ್ಟಿಯ ಆಹಾರವನ್ನೂ ಅರಸನು ಮರೆತಿಲ್ಲ. ಸಾಧನೆಯೊಂದು ಕಣ್ಣು, ಆಹಾರವಿನ್ನೊಂದು ಕಣ್ಣು. ಒಂದನ್ನು ಮುಚ್ಚಿ ಇನ್ನೊಂದರಿಂದ ನೋಡಿದರೆ ದಾರಿಯು ಓರೆಯಾಗುವದು. ನಾವಾದರೋ ಗರಡಿಯ ನಿಯಮವನ್ನು ಉಳಿಸಿಕೊಂಡು ಗರಡಿಯ ಹಾಲು-ತುಪ್ಪವನ್ನು ಬಿಟ್ಟೆವು. "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂ" ಎಂಬ ಗಾದೆಗೆ ಇದಕ್ಕಿಂತ ತಕ್ಕ ಉದಾಹರಣೆಯು ಬೇಕೇ?

ಇನ್ನು ಈ ಕಾಲದ ಶರೀರಶಾಸ್ತ್ರಜ್ಞರ ಮಾತು. ನಾವು ಉಂಡ ಅನ್ನದ ಸಕ್ಕರೆಯ ಅಂಶವನ್ನು ದೇಹವು ಎರಡು ಕಣಜಗಳಲ್ಲಿ ಕೂಡಿಡುತ್ತದೆ. ಒಂದು ಯಕೃತ್ತು, ಅದರಲ್ಲಿ ಸುಮಾರು 100 ಗ್ರಾಂ ಹಿಡಿಯುವದು. ಇನ್ನೊಂದು ಮಾಂಸಖಂಡಗಳು, ಅವುಗಳಲ್ಲೆಲ್ಲ ಸೇರಿ ಸುಮಾರು 400 ಗ್ರಾಂ. ರಾತ್ರಿ ನಾವು ನಿದ್ರಿಸುವಾಗಲೂ ಮೆದುಳಿಗೆ ಸಕ್ಕರೆಯು ಬೇಕು. ಅದನ್ನು ಯಕೃತ್ತಿನ ಕಣಜವೇ ಒದಗಿಸುತ್ತದೆ. ಆದುದರಿಂದ ಬೆಳಗಾಗುವ ಹೊತ್ತಿಗೆ ಆ ಕಣಜವು ಬಹುಪಾಲು ಬರಿದಾಗಿರುತ್ತದೆ. ಮಾಂಸಖಂಡಗಳ ಕಣಜವಾದರೋ, ಹಿಂದಿನ ದಿನ ಚೆನ್ನಾಗಿ ಉಂಡವನಲ್ಲಿ, ಹೆಚ್ಚುಕಡಿಮೆ ತುಂಬಿಯೇ ಇರುತ್ತದೆ. ಆ ಬಲದಿಂದಲೇ ಉಂಡುಮಲಗಿದ ಆರೋಗ್ಯವಂತನು ಬೆಳಿಗ್ಗೆ ಅರ್ಧ ಮುಕ್ಕಾಲು ಗಂಟೆ ನಡೆಯಬಲ್ಲನು, ನಮಸ್ಕಾರಗಳನ್ನು ಹಾಕಬಲ್ಲನು. ಅವನಿಗೆ ಯಾವ ಹಾನಿಯೂ ಇಲ್ಲ. ಆದರೆ ದುಡಿಮೆಯು ಒಂದು ಗಂಟೆಯನ್ನು ಮೀರಿದರೆ, ಅಥವಾ ಹಿಂದಿನ ರಾತ್ರಿ ಅರೆಹೊಟ್ಟೆ ಉಂಡಿದ್ದರೆ, ಎರಡು ಕಣಜಗಳೂ ಕೈಕೊಡಬಹುದು. ಕೈಕಾಲು ನಡುಗುವದು, ತಣ್ಣನೆಯ ಬೆವರು, ಕಣ್ಣಿಗೆ ಮಂಪರು, ಇವು ಆಗ ಕಾಣುವ ಗುರುತುಗಳು.

ಬರಿಹೊಟ್ಟೆಯಲ್ಲಿ ನಡೆದರೆ ಮೈಯ ಕೊಬ್ಬು ಬೇಗ ಕರಗುವದೆಂದು ಪೇಟೆಯ ಸ್ಥೂಲಕಾಯರಲ್ಲಿ ಒಂದು ನಂಬಿಗೆ ಹಬ್ಬಿದೆ. ಇದರಲ್ಲಿ ಅರ್ಧ ಸತ್ಯವುಂಟು. ಆ ಹೊತ್ತಿನಲ್ಲಿ ದೇಹವು ಸಕ್ಕರೆಯ ಬದಲು ಕೊಬ್ಬನ್ನು ಹೆಚ್ಚಾಗಿ ಉರಿಸುವದು ನಿಜ. ಆದರೆ ಇಡೀ ದಿನದ ಲೆಕ್ಕವನ್ನು ಮುಗಿಸಿದಾಗ ಆ ಲಾಭವು ಉಳಿಯುವದಿಲ್ಲ. 2014ರಲ್ಲಿ ಅಮೇರಿಕೆಯ ಸಂಶೋಧಕರು 20 ಜನ ತರುಣಿಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಬರಿಹೊಟ್ಟೆಯಲ್ಲಿ, ಇನ್ನೊಂದಕ್ಕೆ ಉಪಾಹಾರದ ತರುವಾಯ, ವಾರಕ್ಕೆ ಮೂರು ದಿನ ಒಂದೊಂದು ಗಂಟೆ ವ್ಯಾಯಾಮ ಮಾಡಿಸಿ, ನಾಲ್ಕು ವಾರ ಪರೀಕ್ಷಿಸಿದರು. ಎರಡೂ ಗುಂಪಿನವರ ತೂಕವು ಇಳಿಯಿತು. ಗುಂಪುಗಳ ನಡುವೆ ಎಣಿಸತಕ್ಕ ಅಂತರವು ಕಾಣಲಿಲ್ಲ. ಅದು ಸಣ್ಣ ಪರೀಕ್ಷೆಯೇ ಸರಿ; ಆದರೂ ಅದರ ಪಾಠವು ದೊಡ್ಡದು. ಬೆಳಗಿನ ಒಂದು ಗಂಟೆಯ ಉಪವಾಸದಿಂದ ಗಳಿಸಿದುದನ್ನು ಒಂಬತ್ತು ಗಂಟೆಗೆ ಹೊಟೇಲಿನಲ್ಲಿ ಎರಡು ಬನ್ಸು, ಸಕ್ಕರೆ ತುಂಬಿದ ಚಹ ಇವುಗಳಿಂದ ತೀರಿಸಿಬಿಡುವವನಿಗೆ ಯಾವ ಶಾಸ್ತ್ರವೂ ನೆರವಾಗಲಾರದು.

ಮಹನೀಯರೇ, ಇಷ್ಟರಿಂದ ವ್ಯಾಜ್ಯವು ತೀರಿದಂತೆಯೇ. ಉಂಡುಮಲಗಿದವನಿಗೆ ಬರಿಹೊಟ್ಟೆಯ ವ್ಯಾಯಾಮವು ಹಿತ. ಅರೆಹೊಟ್ಟೆಯಲ್ಲಿ ಮಲಗಿದವನಿಗೆ ಅದು ಅಹಿತ. ಹಾಗಾದರೆ ನಮ್ಮ ಈ ಮೂರು ತಾಲೂಕುಗಳಲ್ಲಿ ಯಾರು ಯಾವ ವರ್ಗಕ್ಕೆ ಸೇರಿದವರು ಎಂಬದನ್ನು ನೋಡಬೇಕು.

ಮೊದಲನೆಯವರು ಪೇಟೆಯ ನಾವು. ವಕೀಲರು, ಗುಮಾಸ್ತರು, ಅಂಗಡಿಕಾರರು, ಶಿಕ್ಷಕರು. ರಾತ್ರಿ ಒಂಬತ್ತು ಹತ್ತಕ್ಕೆ ಹೊಟ್ಟೆ ಬಿರಿಯುವಂತೆ ಉಂಡು ಮಲಗುವವರು. ನಮ್ಮಂಥವರು ಬೆಳಿಗ್ಗೆ ಒಂದು ತಂಬಿಗೆ ನೀರು ಕುಡಿದು, ಕಾಸರಕೋಡಿನ ಕಡಲ ದಂಡೆಯಲ್ಲಿಯೋ, ಮುರ್ಡೇಶ್ವರದ ಉಸುಕಿನಲ್ಲಿಯೋ, ಕುಮಟೆಯ ಗುಡ್ಡದ ದಾರಿಯಲ್ಲಿಯೋ ಮುಕ್ಕಾಲು ಗಂಟೆ ಬಿರುಸಾಗಿ ನಡೆದುಬಂದರೆ ಬರಿಹೊಟ್ಟೆಯು ನಮ್ಮನ್ನು ಕೊಲ್ಲುವದಿಲ್ಲ. ತುಂಬಿದ ಹೊಟ್ಟೆಯೇ ಕೊಲ್ಲುತ್ತಿರುವದು. ವಾರಕ್ಕೆ 150 ನಿಮಿಷಗಳ ಮಧ್ಯಮ ವ್ಯಾಯಾಮವಾದರೂ ಬೇಕೆಂದು ಜಾಗತಿಕ ಆರೋಗ್ಯ ಸಂಸ್ಥೆಯು ಹೇಳಿದೆ. ಅಂದರೆ ವಾರದಲ್ಲಿ ಐದು ದಿನ ಅರ್ಧರ್ಧ ಗಂಟೆ. ಒಂದು ಎಚ್ಚರಿಕೆಯನ್ನು ಮಾತ್ರ ಹೇಳಬೇಕು. ನಲವತ್ತು ದಾಟಿದವರಿಗೆ ನಡೆಯುವಾಗ ಎದೆ ಬಿಗಿದರೆ, ಎಡದ ತೋಳಿಗೋ ದವಡೆಗೋ ನೋವು ಹರಿದರೆ, "ಬರಿಹೊಟ್ಟೆಯ ವಾಯು" ಎಂದು ಶುಂಠಿ ಕಷಾಯ ಕುಡಿದು ಸುಮ್ಮನಿರಬಾರದು. ಕೂಡಲೆ ಆಸ್ಪತ್ರೆಗೆ ಹೋಗಬೇಕು.

ಎರಡನೆಯವರು ಸಕ್ಕರೆಯ ರೋಗದವರು. ಇನ್ಸುಲಿನ್ ಚುಚ್ಚಿಸಿಕೊಳ್ಳುವವರು, ರಕ್ತದ ಸಕ್ಕರೆಯನ್ನು ಬಲವಾಗಿ ಇಳಿಸುವ ಕೆಲವು ಗುಳಿಗೆಗಳನ್ನು ನುಂಗುವವರು ಬರಿಹೊಟ್ಟೆಯಲ್ಲಿ ಶ್ರಮಪಡುವದು ಅಪಾಯ. ರಕ್ತದಲ್ಲಿ ಸಕ್ಕರೆಯು ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿಳಿದರೆ ನಡುಕ, ಬೆವರು, ಬುದ್ಧಿಭ್ರಮೆ ಆರಂಭವಾಗಬಹುದು. ಇಂಥವರು ಹೊರಡುವ ಮೊದಲು ಪರೀಕ್ಷಿಸಿಕೊಂಡು, 90ಕ್ಕಿಂತ ಕಡಿಮೆಯಿದ್ದರೆ ಏನನ್ನಾದರೂ ತಿಂದೇ ಹೊರಡಬೇಕು. ಕಿಸೆಯಲ್ಲಿ ಬೆಲ್ಲದ ತುಂಡನ್ನೋ ಸಕ್ಕರೆಯನ್ನೋ ಇಟ್ಟುಕೊಂಡಿರಬೇಕು. ತಲೆ ತಿರುಗಿದರೆ ಮೂರು ಸಣ್ಣ ಚಮಚದಷ್ಟು, ಎಂದರೆ 15 ಗ್ರಾಂ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದು, ಕಾಲು ಗಂಟೆ ಕೂತು, ಮತ್ತೆ ಪರೀಕ್ಷಿಸಬೇಕು. ಮದ್ದಿನ ಅಳತೆಯನ್ನು ಬದಲಿಸುವದು ಮಾತ್ರ ವೈದ್ಯರ ಕೆಲಸ, ನಮ್ಮದಲ್ಲ.

ಮೂರನೆಯವರು ವ್ರತದವರು. ಭಟಕಳದಲ್ಲಿ ರಮಜಾನಿನ ತಿಂಗಳಿಡೀ ಹಗಲಿನಲ್ಲಿ ನೀರನ್ನೂ ಮುಟ್ಟದ ನಮ್ಮ ನವಾಯತ ಬಂಧುಗಳಿದ್ದಾರೆ. ಗೋಕರ್ಣ, ಇಡಗುಂಜಿಗಳ ಕಡೆಗೆ ಏಕಾದಶಿ-ಸಂಕಷ್ಟಿಗಳನ್ನು ನಿಷ್ಠೆಯಿಂದ ನಡಿಸುವವರಿದ್ದಾರೆ. ಉಪವಾಸವು ಮನಸ್ಸಿನ ವ್ಯಾಯಾಮ. ಅದೇ ದಿನ ಮೈಯ ವ್ಯಾಯಾಮವನ್ನೂ ಹಟದಿಂದ ಸೇರಿಸಬೇಕಾಗಿಲ್ಲ. ಬೇಕಾದವರು ಉಪವಾಸವನ್ನು ಬಿಡುವ ಹೊತ್ತಿಗೆ ಸ್ವಲ್ಪ ಮುಂಚೆ ಹಗುರಾಗಿ ನಡೆಯಲಿ, ಅಥವಾ ರಾತ್ರಿ ಉಂಡು ಎರಡು ಗಂಟೆಯ ಮೇಲೆ ಮಾಡಲಿ.

ನಾಲ್ಕನೆಯವರನ್ನು ಕುರಿತು ನಾವು ವ್ಯಾಯಾಮದ ಉಪದೇಶವನ್ನು ಮಾಡುವ ಮೊದಲು ನಾಚಬೇಕು. ನಸುಕಿನಲ್ಲಿ ಬಲೆಯನ್ನೆಳೆಯುವ ಖಾರ್ವಿ, ಹರಿಕಂತ್ರ, ಮೊಗೇರ ಬಂಧುಗಳು. ಕಾಯಿಪಲ್ಯದ ಬುಟ್ಟಿ ಹೊತ್ತು ಪೇಟೆಗೆ ಬರುವ ಹಾಲಕ್ಕಿ ಒಕ್ಕಲ ಹೆಣ್ಣುಮಕ್ಕಳು. ಸಾಣಿಕಟ್ಟೆಯ ಆಗರಗಳಲ್ಲಿ ಉಪ್ಪು ಗೋರುವ ಕೂಲಿಗಳು. ಇವರು ವ್ಯಾಯಾಮಶಾಲೆಯ ಬಾಗಿಲನ್ನು ಕಂಡವರಲ್ಲ. ಆದರೆ ನಾವು ಹಾಸಿಗೆಯಲ್ಲಿ ಹೊರಳುವಾಗಲೇ ಇವರ ದಿನದ ವ್ಯಾಯಾಮವು ಮುಗಿದಿರುತ್ತದೆ. ಇವರಿಗೆ ಬೇಕಾದುದು ದಂಡವಲ್ಲ, ಅನ್ನ, ಬಸ್ಕಿಯಲ್ಲ, ವಿಶ್ರಾಂತಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರು ರಕ್ತಹೀನತೆಯುಳ್ಳವರೆಂದು ಕಂಡುಬಂದಿತು. ರಕ್ತವೇ ಇಲ್ಲದ ಮೈಗೆ ಬರಿಹೊಟ್ಟೆಯ ದುಡಿಮೆಯೆಂದರೆ ಎಣ್ಣೆಯಿಲ್ಲದ ದೀಪಕ್ಕೆ ಬತ್ತಿಯನ್ನು ಮುಂದೊತ್ತಿದಂತೆ.

ಇವರ ಮಕ್ಕಳೇ ಐದನೆಯ ವರ್ಗ. ತಮ್ಮ ಶಾಲೆಗಳಲ್ಲಿ ಬೆಳಗಿನ ಕವಾಯತಿಗೆ ಸಾಲಾಗಿ ನಿಲ್ಲುವವರು. ನಮ್ಮ ಕರಾವಳಿಯ ಗಂಜಿಯ ವೇಳೆಯು ಯಾವದು ಎಂಬದನ್ನು ನೆನೆಯಿರಿ. ಅನೇಕ ಮನೆಗಳಲ್ಲಿ ಒಲೆಯ ಮೇಲಿನ ಗಂಜಿಯು ಬೇಯುವದರೊಳಗೆ ಹುಡುಗನು ಮನೆಯನ್ನು ಬಿಟ್ಟಿರುತ್ತಾನೆ. ಹಳ್ಳ ದಾಟಿ, ಗುಡ್ಡವಿಳಿದು, ಎರಡು ಮೈಲು ನಡೆದು ಬಂದಿರುತ್ತಾನೆ. ಅವನ ವ್ಯಾಯಾಮವು ದಾರಿಯಲ್ಲಿಯೇ ಆಗಿದೆ. ಆಮೇಲೆ ಆತನನ್ನು ಬಿಸಿಲಿನಲ್ಲಿ ನಿಲ್ಲಿಸಿ, ಕೈಯೆತ್ತು, ಕಾಲೆತ್ತು ಎಂದರೆ ಅದು ಶಿಕ್ಷಣವಲ್ಲ, ಶಿಕ್ಷೆ.

2001ರ ನವೆಂಬರ 28ರಂದು ಸರ್ವೋಚ್ಚ ನ್ಯಾಯಾಲಯವು ಸರಕಾರಿ ಹಾಗೂ ಅನುದಾನಿತ ಪ್ರಾಥಮಿಕ ಶಾಲೆಗಳ ಪ್ರತಿಯೊಂದು ಮಗುವಿಗೆ ಬೇಯಿಸಿದ ಮಧ್ಯಾಹ್ನದ ಊಟವನ್ನು, ವರುಷಕ್ಕೆ 200 ದಿನಕ್ಕೆ ಕಡಿಮೆಯಿಲ್ಲದೆ, ದಿನಕ್ಕೆ 300 ಕ್ಯಾಲೊರಿಗೆ ಕಡಿಮೆಯಿಲ್ಲದೆ ಕೊಡಬೇಕೆಂದು ಆಜ್ಞಾಪಿಸಿತು. ಕರ್ನಾಟಕದಲ್ಲಿ 2002ರಲ್ಲಿ ಅಕ್ಷರ ದಾಸೋಹವು ಆರಂಭವಾಯಿತು. 2013ರ ಆಗಸ್ಟ 1ರಿಂದ ಕ್ಷೀರಭಾಗ್ಯದ ಹಾಲು ಬಂದಿತು. ಇವು ಸಣ್ಣ ಕೆಲಸಗಳಲ್ಲ. ಆದರೂ ಮಧ್ಯಾಹ್ನದ ಊಟವು ಮಧ್ಯಾಹ್ನಕ್ಕೇ ಬರುವದು. ಕವಾಯತು ಬೆಳಿಗ್ಗೆಯೇ ನಡೆಯುವದು. ಈ ನಡುವಿನ ಮೂರು ಗಂಟೆಗಳೇ ನನ್ನ ಈ ಭಾಷಣದ ವಿಷಯ. ಬೆಳಗಿನ ಉಪಾಹಾರವೂ ಶಾಲೆಯಲ್ಲಿ ದೊರೆಯಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಹೇಳಿತು. ನೆರೆಯ ತಮಿಳುನಾಡಿನ ಸರಕಾರವು 2022ರ ಸಪ್ಟೆಂಬರ 15ರಂದು ಪ್ರಾಥಮಿಕ ಶಾಲೆಯ ಮಕ್ಕಳಿಗೆ ಬೆಳಗಿನ ಉಪಾಹಾರದ ಯೋಜನೆಯನ್ನೇ ಆರಂಭಿಸಿತು. ನೆರೆಯವರು ಮಾಡಿದ ಒಳ್ಳೆಯದನ್ನು ಕಂಡು ಕನ್ನಡಿಗನು ಹೊಟ್ಟೆಕಿಚ್ಚುಪಡಬಾರದು. ಹೊಟ್ಟೆ ತುಂಬಿಸುವ ಕೆಲಸದಲ್ಲಿ ಪೈಪೋಟಿಯನ್ನು ಮಾಡಬೇಕು.

ಅಂಗಸಾಧನೆಗೂ ನಾಡಿನ ಕೆಲಸಕ್ಕೂ ಇರುವ ನಂಟು ಹೊಸದಲ್ಲ. ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರು 1923ರಲ್ಲಿ ಕಾಕಿನಾಡಾ ಕಾಂಗ್ರೆಸ್ಸಿನ ಸಮಯದಲ್ಲಿ ಹಿಂದುಸ್ಥಾನೀ ಸೇವಾದಳವನ್ನು ಕಟ್ಟಿದರು. ಕವಾಯತು, ಶಿಸ್ತು, ದೇಹದಾರ್ಢ್ಯ ಇವುಗಳಿಲ್ಲದೆ ಸ್ವಯಂಸೇವಕನಿಲ್ಲವೆಂದು ಅವರು ತರುಣರಿಗೆ ಕಲಿಸಿದರು. 1924ರಲ್ಲಿ ಗಾಂಧೀಜಿಯವರು ಅಧ್ಯಕ್ಷತೆ ವಹಿಸಿದ ಬೆಳಗಾವಿಯ ಕಾಂಗ್ರೆಸ್ಸಿನಲ್ಲಿ ಆ ಸ್ವಯಂಸೇವಕರು ದುಡಿದರು. ಅದೇ ಬೆಳಗಾವಿಯಲ್ಲಿ, ಅದೇ ವರುಷ, ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಕರ್ನಾಟಕ ಏಕೀಕರಣದ ಪರಿಷತ್ತೂ ಕೂಡಿತು. 1930ರ ಎಪ್ರಿಲ 13ರಂದು ನಮ್ಮ ನೆರೆಯ ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರು ಉಪ್ಪಿನ ಕಾಯಿದೆಯನ್ನು ಮುರಿದಾಗ, ಆ ಸತ್ಯಾಗ್ರಹವನ್ನು ಹೊತ್ತು ನಿಂತವರು ಗಂಜಿಯುಂಡು ಬೆಳೆದ ಒಕ್ಕಲ ಮಕ್ಕಳು. ಗಟ್ಟಿಯಾದ ಮೈಯಿಲ್ಲದೆ ಗಟ್ಟಿಯಾದ ಮನಸ್ಸು ಬಹಳ ದಿನ ನಿಲ್ಲಲಾರದೆಂಬದನ್ನು ಆ ತಲೆಮಾರು ಕಂಡುಕೊಂಡಿತ್ತು.

ಒಡೆದ ನಾಡಿಗೆ ಏನಾಗುವದೆಂಬದನ್ನೂ ನಮ್ಮ ಭಾಗದವರು ಚೆನ್ನಾಗಿ ಬಲ್ಲರು. ಕೆನರಾ ಜಿಲ್ಲೆಯನ್ನು ಎರಡು ತುಂಡು ಮಾಡಿ, ಬಡಗಣ ತುಂಡನ್ನು 1862ರಲ್ಲಿ ಮುಂಬಯಿಗೆ ಸೇರಿಸಿದರು. ತೆಂಕಣ ತುಂಡು ಮದ್ರಾಸಿನಲ್ಲಿಯೇ ಉಳಿಯಿತು. ಭಟಕಳ ತಾಲೂಕು ಮುಗಿದಲ್ಲಿ ಮುಂಬಯಿ ಇಲಾಖೆಯೂ ಮುಗಿಯುತ್ತಿತ್ತು; ಶಿರೂರಿನಿಂದ ಮದ್ರಾಸು. ಗಡಿಯ ಈಚೆಗೂ ಆಚೆಗೂ ಒಂದೇ ಕಡಲು, ಒಂದೇ ಕುಚ್ಚಲಕ್ಕಿಯ ಗಂಜಿ, ಒಂದೇ ಯಕ್ಷಗಾನದ ಚಂಡೆ. ಆದರೆ ಎರಡು ವಿದ್ಯಾಖಾತೆ, ಎರಡು ಕಾಯಿದೆ, ಎರಡು ಧೋರಣೆ. 1956ರ ನವೆಂಬರ 1ರಂದು ಆ ಗೆರೆಯು ಅಳಿಯಿತು. ಕಾಸರಗೋಡಿನಂಥ ಭಾಗಗಳು ಹೊರಗುಳಿದ ನೋವು ಉಳಿಯಿತು. 1973ರಲ್ಲಿ ನಾಡಿಗೆ ಕರ್ನಾಟಕವೆಂಬ ಹೆಸರೂ ಬಂದಿತು. ಅಂಗಗಳು ಕೂಡಿ ದೇಹವಾಯಿತು. ಆದರೆ ದೇಹವು ಕೂಡಿತೆಂದ ಮಾತ್ರಕ್ಕೆ ಬಲ ಬಂದಂತಾಯಿತೇ? ಕೂಡಿದ ದೇಹಕ್ಕೆ ಅನ್ನವನ್ನಿಕ್ಕುವ ಕೆಲಸವು ಪ್ರತಿದಿನದ್ದು. ನಾಡಿನ ಏಕೀಕರಣವು ನಕಾಶೆಯಲ್ಲಿ ಮುಗಿದಿರಬಹುದು; ಉಂಡವನ ಮಗನೂ ಹಸಿದವನ ಮಗನೂ ಒಂದೇ ಬಲದಿಂದ ಒಂದೇ ಸಾಲಿನಲ್ಲಿ ನಿಲ್ಲುವ ತನಕ ಅದು ಮೈಯಲ್ಲಿ ಮುಗಿಯುವದಿಲ್ಲ.

ಇನ್ನು ಮಾಡಬೇಕಾದುದೇನೆಂಬದನ್ನು ಸಂಕ್ಷೇಪವಾಗಿ ಹೇಳುತ್ತೇನೆ.

ಒಂದು. ಪ್ರೌಢರಾದ ಆರೋಗ್ಯವಂತರು ಬೆಳಿಗ್ಗೆ ನೀರು ಕುಡಿದು, ಬರಿಹೊಟ್ಟೆಯಲ್ಲಿ, ಒಂದು ಗಂಟೆಯೊಳಗೆ ಮುಗಿಯುವ ಹದವಾದ ವ್ಯಾಯಾಮವನ್ನು ಸಂಕೋಚವಿಲ್ಲದೆ ಮಾಡಬಹುದು. ಬಾಯಿಯಿಂದ ಉಸಿರು ಬರತೊಡಗಿದಾಗ ನಿಧಾನಿಸಬೇಕು.

ಎರಡು. ಹೆಚ್ಚು ಹೊತ್ತಿನ ಓಟ, ಕುಸ್ತಿ, ಕಬಡ್ಡಿಯ ಅಭ್ಯಾಸ ಮಾಡುವವರು ಅರ್ಧ ಗಂಟೆ ಮುಂಚೆ ಒಂದು ಬಾಳೆಹಣ್ಣನ್ನೋ, ಹಿಡಿ ಅವಲಕ್ಕಿಯನ್ನೋ, ನಮ್ಮ ಮನೆಗಳಲ್ಲಿ ಬಂದವರಿಗೆ ಕೊಡುವ ಬೆಲ್ಲ-ನೀರನ್ನೋ ತೆಗೆದುಕೊಳ್ಳಬೇಕು. ಪೂರ್ಣ ಊಟವಾಗಿದ್ದರೆ ಮೂರು ಗಂಟೆ ಕಾಯಬೇಕು. ಬರಿಯ ಚಹವನ್ನು ಆಹಾರವೆಂದು ಎಣಿಸಬಾರದು.

ಮೂರು. ವ್ಯಾಯಾಮ ಮುಗಿದ ಮೇಲೆ ಉಪ್ಪು ಹಾಕಿದ ಗಂಜಿಯನ್ನು ಉಣ್ಣಬೇಕು. ವರುಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಈ ಕರಾವಳಿಯ ತೇವದ ಗಾಳಿಯಲ್ಲಿ ಬೆವರು ಆರುವದಿಲ್ಲ, ಸುರಿಯುವದು. ಅದರೊಡನೆ ಉಪ್ಪೂ ಹೋಗುವದು. ಕುಚ್ಚಲಕ್ಕಿಯ ಗಂಜಿಯಲ್ಲಿ ನೀರುಂಟು, ಉಪ್ಪುಂಟು, ಸಕ್ಕರೆಯಾಗಿ ಕರಗುವ ಪಿಷ್ಟವುಂಟು. ಬೇಯಿಸಿದ ನೀರನ್ನು ಬಸಿದು ಚೆಲ್ಲದ ಕಾರಣ ಅನ್ನದ ಸತ್ವವೂ ಉಳಿಯುವದು. ಜೊತೆಗೆ ಬೇಯಿಸಿದ ಹೆಸರುಕಾಳನ್ನೋ, ಮೀನಿನ ತುಂಡನ್ನೋ, ಮಜ್ಜಿಗೆಯನ್ನೋ ಸೇರಿಸಿಕೊಂಡರೆ ಮಾಂಸಖಂಡಗಳಿಗೆ ಬೇಕಾದ ಪುಷ್ಟಿಯೂ ದೊರೆಯುವದು. ಡಬ್ಬಿಯಲ್ಲಿ ಮಾರುವ ಬೆಲೆಯುಳ್ಳ ಪುಡಿಗಳಿಗಾಗಿ ನಮ್ಮ ತರುಣರು ಹಣವನ್ನು ಸುರಿಯಬೇಕಾಗಿಲ್ಲ.

ನಾಲ್ಕು. ಇದು ಶಿಕ್ಷಕರಲ್ಲಿ ನನ್ನ ವಿಶೇಷ ವಿಜ್ಞಾಪನೆ. ಕವಾಯತಿಗೆ ಮೊದಲು ಹಾಜರಿಯನ್ನು ಕರೆಯುವಂತೆಯೇ, "ಉಂಡು ಬಂದಿರಾ?" ಎಂಬ ಪ್ರಶ್ನೆಯನ್ನೂ ಕೇಳಿರಿ. ಎಲ್ಲರೆದುರು ಕೈಯೆತ್ತಿಸಿ ಕೇಳಬೇಡಿರಿ. ಹಸಿದ ಹುಡುಗನಿಗೆ ಮಾನವು ಹೊಟ್ಟೆಗಿಂತ ದೊಡ್ಡದು, ಅವನು ಉಂಡೆನೆಂದು ಸುಳ್ಳು ಹೇಳುವನು. ಮುಖವನ್ನು ನೋಡಿ, ಬದಿಗೆ ಕರೆದು ಕೇಳಿರಿ. ಕವಾಯತನ್ನು ಹಾಲು ಕುಡಿಸಿದ ತರುವಾಯಕ್ಕೋ, ಮಧ್ಯಾಹ್ನ ಉಂಡು ಎರಡು ತಾಸು ಕಳೆದ ಸಂಜೆಗೋ ಬದಲಿಸುವದು ಸಾಧ್ಯವಿದ್ದಲ್ಲಿ ಬದಲಿಸಿರಿ. ರಾಷ್ಟ್ರೀಯ ಹಬ್ಬಗಳ ದಿನ ಭಾಷಣಕಾರರು ತಮ್ಮ ಭಾಷಣವನ್ನು ಮೊಟಕುಗೊಳಿಸಲಿ. ಮಿಠಾಯಿಯನ್ನು ಕೊನೆಗೆ ಹಂಚುವ ಬದಲು ಮೊದಲಿಗೇ ಒಂದು ಬಾಳೆಹಣ್ಣನ್ನು ಹಂಚಿರಿ.

ಐದು. ಊರಿನ ಹಿರಿಯರಿಗೆ. ಗರಡಿಯನ್ನೋ ವ್ಯಾಯಾಮಶಾಲೆಯನ್ನೋ ಕಟ್ಟಿಸುವ ದಾನಿಗಳು ಕಟ್ಟಡಕ್ಕೆ ಹೆಸರು ಕೆತ್ತಿಸುವದಕ್ಕೆ ಮುಂಚೆ ಅಲ್ಲಿ ಒಂದು ಒಲೆಯನ್ನು ಹೂಡಿಸಲಿ. ಮಲ್ಲಕಂಬವನ್ನು ನೆಡುವ ಮೊದಲು ಗಂಜಿಯ ಹಂಡೆಯನ್ನು ಇಡಲಿ. ಹಾಗೆ ಮಾಡಿದರೆ ಹೆಚ್ಚು ಖರ್ಚು ಬರುವದಿಲ್ಲ. ಒಂದು ಗುಂಪು ಹುಡುಗರಿಗೆ ಬೆಳಗಿನ ಗಂಜಿಯನ್ನಿಕ್ಕುವ ಶಕ್ತಿಯು ನಮ್ಮ ಪ್ರತಿಯೊಂದು ಪೇಟೆಗೂ ಉಂಟು.

ಸೋದರ ಸೋದರಿಯರೇ, ಬರಿಹೊಟ್ಟೆಯಲ್ಲಿ ವ್ಯಾಯಾಮ ಮಾಡಬೇಕೋ ಬೇಡವೋ ಎಂದು ಕೇಳುವ ಅಧಿಕಾರವಿರುವದು ಹೊಟ್ಟೆಯನ್ನು ತುಂಬಿಸಿಕೊಳ್ಳಲು ಶಕ್ತಿಯುಳ್ಳವರಿಗೆ. ಆ ಆಯ್ಕೆಯೇ ಇಲ್ಲದವರು ನಮ್ಮ ನಡುವೆ ಬಹಳ ಜನರಿದ್ದಾರೆ. ನಾಳೆ ಬೆಳಿಗ್ಗೆ ತಾವು ಬರಿಹೊಟ್ಟೆಯಲ್ಲಿ ನಡೆಯಲು ಹೊರಟಾಗ, ತಮ್ಮ ಹೊಟ್ಟೆಯು ಬರಿದಾಗಿರುವದು ತಮ್ಮ ಇಚ್ಛೆಯಿಂದ ಎಂಬದನ್ನು ನೆನೆಯಿರಿ; ದಾರಿಯಲ್ಲಿ ಎದುರಾಗುವ ಶಾಲೆಯ ಹುಡುಗನ ಹೊಟ್ಟೆಯು ಹಾಗೆ ಇಚ್ಛೆಯಿಂದ ಬರಿದಾದುದೋ ಎಂದು ಒಮ್ಮೆ ಕೇಳಿರಿ. ಅದಕ್ಕೆ ಉತ್ತರವನ್ನು ಕೊಡುವ ಹೊಣೆಯು ಸರಕಾರದ್ದಷ್ಟೇ ಅಲ್ಲ, ನಮ್ಮದೂ ಆಗಿದೆ.



ಸಿರಿಗನ್ನಡಂ ಗೆಲ್ಗೆ.